ಹಕ್ಕಿಯ ಹಾಜರಿ ಪುಸ್ತಕ

ಕಳೆದ ಸಂಚಿಕೆಯಲ್ಲಿ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ತಮ್ಮ ಕಾರವಾರ ಪ್ರವಾಸದ ಬಗ್ಗೆ ಸೊಗಸಾಗಿ ಬರೆದಿದ್ದರು. ಕಾಳಿ ನದಿ, ಕದ್ರಾ ಅಣೆಕಟ್ಟಿನ ಹಿನ್ನೀರು, ಮೀನಿನ ಊಟ ಎಲ್ಲವೂ ಕಣ್ಣಿಗೆ ಕಟ್ಟುವಂತಿದ್ದವು. ಓದಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ಕೈಗಾ ಅಣುಸ್ಥಾವರದ ಪ್ರಸ್ತಾಪ ಬಂದಲ್ಲಿ ಅವರು ಒಂದು ಮಾತು ಹೇಳಿಬಿಟ್ಟಿದ್ದಾರೆ. ಸ್ಥಾವರದ ಸುತ್ತಲಿನ ಕಾಡಿನಲ್ಲಿ ಮಂಗಟ್ಟೆ ಹಕ್ಕಿಗಳು ಆರಾಮವಾಗಿ ಹಾರಾಡಿಕೊಂಡಿವೆಯಂತೆ. ವಿಕಿರಣದ ಭಯ ಹುಟ್ಟಿಸುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲವಂತೆ. ಈ ಮಾತು ಅವರೊಬ್ಬರದೇ ಅಲ್ಲ. ಸುಲ್ತಾನ್ ಬಜಾರಿನಲ್ಲಿ ಸಂಜೆ ಚಹಾಕ್ಕೆ ಸೇರಿದ ನಾಲ್ಕು ಜನರಲ್ಲಿ ಮೂವರು ಇದನ್ನೇ ಹೇಳುತ್ತಾರೆ, ನಾಲ್ಕನೆಯವರು ತಲೆಯಾಡಿಸುತ್ತಾರೆ. ಹಕ್ಕಿ ಇವೆ, ಆದ್ದರಿಂದ ಎಲ್ಲವೂ ಕ್ಷೇಮ ಎಂಬ ಈ ತರ್ಕ ತಪ್ಪು ಎಂದು ತೋರಿಸುವುದಕ್ಕಾಗಿಯೇ ಈ ಬರಹ.

ಮೊದಲಿಗೆ ಒಂದು ಶಂಕೆಯನ್ನು ನಿವಾರಿಸಿಬಿಡುತ್ತೇನೆ. ಹೈದರಾಬಾದಿನಲ್ಲಿ ಬಾಡಿಗೆ ಮನೆ ಹಿಡಿದು ಕೂತ ನಮಗೆ ಕಾರವಾರದ ಕಾಡಿನ ಹಕ್ಕಿಯ ಚಿಂತೆ ಏಕೆ ಎಂದು ಕೇಳುವವರಿದ್ದಾರೆ. ಕಾರಣವಿದೆ. ಜಾದೂಗುಡದಲ್ಲಿ ಮತ್ತು ಕಡಪಾ ಜಿಲ್ಲೆಯ ತುಮ್ಮಲಪಲ್ಲೆಯಲ್ಲಿ ನೆಲದಿಂದ ತೆಗೆದ ಯುರೇನಿಯಂ ನಮ್ಮ ಊರಿಗೇ ಬರುತ್ತದೆ. ಇಲ್ಲಿನ ನ್ಯೂಕ್ಲಿಯರ್ ಫ್ಯುಯೆಲ್ ಕಾಂಪ್ಲೆಕ್ಸಿನಲ್ಲಿ ಅದು ಚಿಕ್ಕ ಚಿಕ್ಕ ಬಿಲ್ಲೆಗಳಾಗಿ, ಜಿರ್ಕೋನಿಯಂ ಕೊಳವೆಗಳೊಳಗೆ ತುಂಬಿ, ಹತ್ತೊಂಬತ್ತು ಕೊಳವೆಗಳ ಒಂದೊಂದು ಕಟ್ಟಾಗಿ ಕೈಗಾಕ್ಕೆ ಹೋಗುತ್ತದೆ. ಆ ಕಾರ್ಖಾನೆಯ ಬಸ್ಸುಗಳಲ್ಲಿ ಓಡಾಡುವವರಲ್ಲಿ ಕನ್ನಡಿಗರು ಕಡಿಮೆ ಇಲ್ಲ. ಕೈಗಾದ ಒಲೆಗೆ ಸೌದೆ ಸೀಳುವ ಊರು ನಮ್ಮದು ಎಂದ ಮೇಲೆ, ಆ ಒಲೆಯ ಹೊಗೆ ಯಾರ ಕಣ್ಣಿಗೆ ಹೋಗುತ್ತದೆ ಎಂದು ವಿಚಾರಿಸುವುದು ಅಧಿಕಪ್ರಸಂಗವಾಗಲಾರದು.

ಇನ್ನೊಂದು ಮಾತು. ನಾನು ಕೇಂದ್ರ ಸರ್ಕಾರದ ಗುಮಾಸ್ತ. ಸರ್ಕಾರದ ನೀತಿಯನ್ನು ಪತ್ರಿಕೆಯಲ್ಲಿ ಟೀಕಿಸಬಾರದೆಂಬ ನಡತೆ ನಿಯಮ ನನಗೆ ಅನ್ವಯಿಸುತ್ತದೆ. ವೈಜ್ಞಾನಿಕ ಸ್ವರೂಪದ ಲೇಖನಕ್ಕೆ ಅದೇ 1964ರ ನಿಯಮಾವಳಿಯಲ್ಲಿ ವಿನಾಯಿತಿಯೂ ಇದೆ. ಅಣುವಿದ್ಯುತ್ ಬೇಕೆ ಬೇಡವೆ ಎಂಬ ಪ್ರಶ್ನೆಯನ್ನು ನಾನಿಲ್ಲಿ ಎತ್ತುತ್ತಲೇ ಇಲ್ಲ. ನನ್ನ ಜಗಳ ಒಂದು ತರ್ಕದೋಷದೊಡನೆ ಮಾತ್ರ.

ನಮ್ಮ ಕಚೇರಿಯಲ್ಲಿ ಹಾಜರಿ ಪುಸ್ತಕವೊಂದಿತ್ತು. ಈಗ ಬೆರಳು ಒತ್ತುವ ಯಂತ್ರ ಬಂದಿದೆ, ಕೆಲಸ ಅದರದೂ ಅದೇ. ಬೆಳಿಗ್ಗೆ ಬಂದವನು ಸಹಿ ಹಾಕುತ್ತಾನೆ. ಅವನಿಗೆ ಸಕ್ಕರೆ ಕಾಯಿಲೆ ಇದೆಯೆ, ರಕ್ತದೊತ್ತಡ ಏರಿದೆಯೆ, ಕಣ್ಣಿಗೆ ಪೊರೆ ಬಂದಿದೆಯೆ, ಇವನ್ನೆಲ್ಲ ಹಾಜರಿ ಪುಸ್ತಕ ಹೇಳುವುದಿಲ್ಲ. ಹೇಳಬೇಕೆಂದು ಯಾರೂ ಅಪೇಕ್ಷಿಸುವುದೂ ಇಲ್ಲ. ಅದಕ್ಕೆ ವೈದ್ಯರ ಬಳಿ ಹೋಗಬೇಕು, ರಕ್ತ ಕೊಡಬೇಕು, ಸೀಸೆಯಲ್ಲಿ ಮೂತ್ರ ಕೊಡಬೇಕು. ಕೈಗಾದಲ್ಲಿ ಅಣುವಿದ್ಯುತ್ ನಿಗಮದವರು ಬರ್ಡ್ ಮ್ಯಾರಥಾನ್ ಎಂಬ ಹಕ್ಕಿ ಎಣಿಕೆಯ ಕೂಟವನ್ನು ಹತ್ತು ವರ್ಷಕ್ಕೂ ಮೀರಿ ನಡೆಸಿಕೊಂಡು ಬಂದಿದ್ದಾರೆ. ನಾಲ್ಕೂ ಕಡೆಯಿಂದ ಆಸಕ್ತರು ಬಂದು, ದುರ್ಬೀನು ಹಿಡಿದು ಕಾಡು ಸುತ್ತಿ, ಇಂತಿಷ್ಟು ಜಾತಿ ಕಂಡೆವೆಂದು ಪಟ್ಟಿ ಕೊಡುತ್ತಾರೆ. ಮೆಚ್ಚತಕ್ಕ ಕೆಲಸವೇ. ಇಂಥ ಕೂಟಕ್ಕೆ ಬಂದ ಹುಡುಗರಲ್ಲಿ ನಾಲ್ಕು ಮಂದಿಯಾದರೂ ಮುಂದೆ ಪಕ್ಷಿಶಾಸ್ತ್ರ ಓದಬಹುದು. ಆದರೆ ಅದು ಹಾಜರಿ ಪುಸ್ತಕ. ಅದನ್ನು ವೈದ್ಯಕೀಯ ಪ್ರಮಾಣಪತ್ರವೆಂದು ಬೀಗುವುದು ಎಣಿಸಿದವರ ತಪ್ಪಲ್ಲ, ಓದಿದವರ ತಪ್ಪು.

ಇದಕ್ಕೆ ಉದಾಹರಣೆ ಬೇಕಾದರೆ ಕೈಗಾದಿಂದಲೇ ಕೊಡುತ್ತೇನೆ. 2009ರ ನವೆಂಬರಿನಲ್ಲಿ ಅಲ್ಲಿನ ಕೆಲಸಗಾರರಲ್ಲಿ 50ಕ್ಕೂ ಹೆಚ್ಚು ಮಂದಿಯ ದೇಹದಲ್ಲಿ ಟ್ರಿಟಿಯಂ ಎಂಬ ವಿಕಿರಣಶೀಲ ಜಲಜನಕ ವಾಡಿಕೆಗಿಂತ ಹೆಚ್ಚಾಗಿ ಕಂಡುಬಂತು. ಟ್ರಿಟಿಯಂ ಕೂಡಿದ ಭಾರಜಲವನ್ನು ಯಾರೋ ಕುಡಿಯುವ ನೀರಿನ ಕೂಲರಿಗೆ ಬೆರೆಸಿದ್ದರು. ಆ ದಿನಗಳ ಪತ್ರಿಕೆಗಳಲ್ಲಿ ಇದನ್ನು ಓದಿದ ನೆನಪು ಹಲವರಿಗಿರಬಹುದು. ಈ ಸಂಗತಿ ಬೆಳಕಿಗೆ ಬಂದದ್ದು ಹೇಗೆ? ಕೆಲಸಗಾರರ ತಲೆ ಎಣಿಸಿದ್ದರಿಂದಲ್ಲ. ಅವರೆಲ್ಲ ಹಾಜರಿದ್ದರು, ನಡೆದಾಡುತ್ತಿದ್ದರು, ನೋಡಲು ಗಟ್ಟಿಮುಟ್ಟಾಗಿಯೇ ಇದ್ದರು. ಕ್ರಮವಾಗಿ ನಡೆಯುವ ಮೂತ್ರಪರೀಕ್ಷೆಯಲ್ಲಿ ಅದು ಸಿಕ್ಕಿತು. ಸಿಕ್ಕಿದ್ದರಿಂದಲೇ ಚಿಕಿತ್ಸೆ ಕೊಡುವುದು, ಕೂಲರಿಗೆ ಬೀಗ ಹಾಕುವುದು ಸಾಧ್ಯವಾಯಿತು. ಆ ಪರೀಕ್ಷೆಯನ್ನು ಇಟ್ಟುಕೊಂಡದ್ದಕ್ಕೆ ಸ್ಥಾವರದವರನ್ನು ಹೊಗಳೋಣ. ಹೊಗಳಿದ ಮೇಲೆ ಕೇಳೋಣ: ಮನುಷ್ಯನ ವಿಷಯದಲ್ಲಿ ಎಣಿಕೆ ಸಾಲದು, ಪರೀಕ್ಷೆ ಬೇಕು ಎಂದಾದರೆ, ಹಕ್ಕಿಯ ವಿಷಯದಲ್ಲಿ ಎಣಿಕೆಯೊಂದೇ ಸಾಕಾಗುವುದು ಯಾವ ಶಾಸ್ತ್ರದ ಪ್ರಕಾರ?

ವಿಕಿರಣದಿಂದ ಹಕ್ಕಿಗೆ ಏನಾಗುತ್ತದೆ ಎಂಬುದನ್ನು ಜಗತ್ತು ಬಹುಮಟ್ಟಿಗೆ ಕಲಿತದ್ದು ಚೆರ್ನೋಬಿಲ್‌ನಿಂದ. 1986ರ ಏಪ್ರಿಲ್ 26ರಂದು ಅಲ್ಲಿನ ನಾಲ್ಕನೆಯ ಘಟಕ ಸಿಡಿಯಿತು. ಸುತ್ತ 30 ಕಿಲೋಮೀಟರು ಜನರನ್ನು ಖಾಲಿ ಮಾಡಿಸಿದರು. ಮೊದಲು ಹರಡಿದ ಅಯೋಡಿನ್ 131ರ ಅರ್ಧಾಯುಷ್ಯ ಎಂಟು ದಿನ. ಅದು ಕೆಲವೇ ವಾರಗಳಲ್ಲಿ ಇಳಿದುಹೋಯಿತು. ನೆಲದಲ್ಲಿ ನಿಂತುಬಿಟ್ಟವು ಸೀಸಿಯಂ 137, ಸ್ಟ್ರಾಂಷಿಯಂ 90. ಎರಡರ ಅರ್ಧಾಯುಷ್ಯವೂ ಹೆಚ್ಚುಕಡಿಮೆ ಮೂವತ್ತು ವರ್ಷ. ರಸಾಯನಶಾಸ್ತ್ರದ ಮೇಷ್ಟರು ಕೋಷ್ಟಕದ ಮುಂದೆ ನಿಲ್ಲಿಸಿ ಹೇಳಿಕೊಟ್ಟದ್ದನ್ನು ನೆನಪಿಸಿಕೊಳ್ಳಿ: ಒಂದೇ ಕಂಬದಲ್ಲಿ ಕೂತ ಮೂಲಧಾತುಗಳ ಗುಣ ಒಂದೇ ಬಗೆ. ಸೀಸಿಯಂ ಪೊಟ್ಯಾಸಿಯಂನ ದಾಯಾದಿ, ಆದ್ದರಿಂದ ಅದು ಮಾಂಸಖಂಡಕ್ಕೆ ಹೋಗುತ್ತದೆ. ಸ್ಟ್ರಾಂಷಿಯಂ ಕ್ಯಾಲ್ಸಿಯಂನ ದಾಯಾದಿ. ಅದು ಮೂಳೆಗೆ ಹೋಗುತ್ತದೆ, ಹಕ್ಕಿಯಲ್ಲಿ ಮೊಟ್ಟೆಯ ಚಿಪ್ಪಿಗೂ ಹೋಗುತ್ತದೆ. ಮರಿ ಹುಟ್ಟುವ ಮುಂಚೆಯೇ ಅದರ ತೊಟ್ಟಿಲಿಗೆ ವಿಕಿರಣ ಬಂದು ಸೇರಿರುತ್ತದೆ.

ಡೆನ್ಮಾರ್ಕ್ ಮೂಲದ ಆಂಡರ್ಸ್ ಪೇಪ್ ಮೋಲರ್ ಎಂಬ ಪಕ್ಷಿವಿಜ್ಞಾನಿ 1990ರ ದಶಕದ ಆರಂಭದಿಂದ, ಅಮೆರಿಕದ ಸೌತ್ ಕೆರೊಲಿನ ವಿಶ್ವವಿದ್ಯಾಲಯದ ಟಿಮೊತಿ ಮೂಸೊ ಎಂಬವರು ಆಮೇಲೆ ಜೊತೆಗೂಡಿ, ಅಲ್ಲಿನ ಹಕ್ಕಿಗಳನ್ನು ಹಿಡಿದು ಪರೀಕ್ಷಿಸಿದರು. ಅವರು ಹೆಚ್ಚಾಗಿ ನೋಡಿದ್ದು ಅಂಬರಗುಬ್ಬಿಯನ್ನು. ಇಂಗ್ಲಿಷಿನವರು ಬಾರ್ನ್ ಸ್ವಾಲೋ ಎನ್ನುವ ಈ ಹಕ್ಕಿ ಚಳಿಗಾಲದಲ್ಲಿ ನಮ್ಮಲ್ಲಿಗೂ ಬರುತ್ತದೆ, ತಂತಿಯ ಮೇಲೆ ಸಾಲಾಗಿ ಕೂಡುತ್ತದೆ. (ಚೆರ್ನೋಬಿಲ್‌ನವು ಚಳಿಗಾಲಕ್ಕೆ ಹೋಗುವುದು ಆಫ್ರಿಕಕ್ಕೆ. ನಮ್ಮ ತಂತಿಯ ಮೇಲಿನ ಹಕ್ಕಿಯನ್ನು ಕಂಡು ಯಾರೂ ಗಾಬರಿಯಾಗುವುದು ಬೇಡ.) ಅದರ ಕತ್ತು ಇಟ್ಟಿಗೆ ಕೆಂಪು. ಚೆರ್ನೋಬಿಲ್‌ನ ಹಕ್ಕಿಗಳಲ್ಲಿ ಆ ಕೆಂಪಿನ ನಡುವೆ ಬಿಳಿಯ ಗರಿಗಳು ಕಾಣಿಸಿಕೊಂಡವು. ಬೇರೆಡೆ ಅಪರೂಪವಾದದ್ದು ಅಲ್ಲಿ ಮತ್ತೆ ಮತ್ತೆ ಕಂಡಿತು. ಬಿಳಿಗರಿ ಬಂದವು ಮರುವರ್ಷ ಮರಳಿ ಬರುವುದು ಕಡಿಮೆ ಎಂಬುದೂ ತಿಳಿಯಿತು. 1997ರಲ್ಲಿ ಪ್ರಕಟವಾದ ಅಧ್ಯಯನವೊಂದು ತಂದೆತಾಯಿ ಮತ್ತು ಮರಿಗಳ ಡಿ.ಎನ್.ಎ.ಯನ್ನು ಹೋಲಿಸಿ, ವಂಶಕ್ಕೆ ದಾಟುವ ಮಾರ್ಪಾಡು ಬೇರೆಡೆಯ ಹಕ್ಕಿಗಳಿಗಿಂತ ಎರಡರಿಂದ ಹತ್ತು ಪಟ್ಟು ಹೆಚ್ಚು ಎಂದಿತು. 2011ರಲ್ಲಿ 48 ಜಾತಿಗಳ 550 ಹಕ್ಕಿಗಳ ತಲೆ ಅಳೆದು, ಮಾಲಿನ್ಯ ಹೆಚ್ಚಿರುವಲ್ಲಿ ಮಿದುಳಿನ ಗಾತ್ರ ಸುಮಾರು ಶೇ. 5ರಷ್ಟು ಚಿಕ್ಕದು ಎಂದು ಕಂಡರು. 2013ರಲ್ಲಿ ಕಣ್ಣು ನೋಡಿದರು. ಮಾಲಿನ್ಯದ ಜಾಗದಲ್ಲಿ ಪೊರೆ ಹೆಚ್ಚು.

ವಾಚಕರು ಗಮನಿಸಬೇಕಾದ ಸಂಗತಿಯೆಂದರೆ, ಇವುಗಳಲ್ಲಿ ಯಾವುದೂ ದುರ್ಬೀನಿನಲ್ಲಿ ಕಾಣತಕ್ಕದ್ದಲ್ಲ. ಕತ್ತಿನ ಒಂದೆರಡು ಬಿಳಿಗರಿ, ಶೇ. 5ರಷ್ಟು ಸಣ್ಣ ಮಿದುಳು, ಮಸುಕಾದ ಕಣ್ಣು. ದೂರದಿಂದ ನೋಡಿದವನ ಪಟ್ಟಿಯಲ್ಲಿ ಆ ಹಕ್ಕಿ ಒಂದು ಗೀಟು, ಅಷ್ಟೆ. ಹಾಜರ್!

ಇನ್ನು ಎಣಿಕೆಯೇ ಹೇಗೆ ಮೋಸಮಾಡುತ್ತದೆ ಎಂಬುದಕ್ಕೆ ಬರೋಣ. ಇದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು. ಇದನ್ನು ತಿಳಿಯಲು ನಮ್ಮ ಸುಲ್ತಾನ್ ಬಜಾರಿನಲ್ಲಿ ನಾಲ್ಕು ಹೆಜ್ಜೆ ನಡೆದರೆ ಸಾಕು. ರೆಸಿಡೆನ್ಸಿ ಬಜಾರ್ ಎಂದು ಕರೆಸಿಕೊಳ್ಳುತ್ತಿದ್ದ ಕಾಲದಿಂದ ಇವತ್ತಿನವರೆಗೆ ಈ ಬಜಾರು ಖಾಲಿಯಾಗಿ ಕಂಡದ್ದುಂಟೆ? ಭಾನುವಾರ ಬಂದರೆ ಕಾಲಿಡಲು ಜಾಗವಿಲ್ಲ. ಬಟ್ಟೆಯವನು ನಷ್ಟವಾಗಿ ಬಾಗಿಲು ಹಾಕಿದರೆ ಹದಿನೈದು ದಿನದಲ್ಲಿ ಬಳೆಯವನು ಬಂದು ಬೋರ್ಡು ತೂಗುಹಾಕುತ್ತಾನೆ. ಅವನೂ ಹೋದರೆ ಇನ್ನೊಬ್ಬ. ಮೆಟ್ರೋ ರೈಲಿನ ಕಂಬಗಳು ಬಂದಾಗ ಜಾಗ ಕಳೆದುಕೊಂಡವರೆಷ್ಟು, ಎದ್ದುಹೋದವರೆಷ್ಟು! ರಸ್ತೆಯಲ್ಲಿ ನಿಂತು ಅಂಗಡಿ ಎಣಿಸಿದವನಿಗೆ ಬಜಾರು ಸದಾ ಭರ್ತಿ. ಸಾಲದಲ್ಲಿ ಮುಳುಗಿ ಹೋದವರ ಲೆಕ್ಕ ಆ ಎಣಿಕೆಯಲ್ಲಿ ಸಿಗುವುದೇ ಇಲ್ಲ, ಏಕೆಂದರೆ ಹೊರಗಿನಿಂದ ಬಂದವನು ಆ ಜಾಗವನ್ನು ತುಂಬಿಬಿಟ್ಟಿರುತ್ತಾನೆ.

ಚೆರ್ನೋಬಿಲ್‌ನ ಅಂಬರಗುಬ್ಬಿಯದೂ ಇದೇ ಕಥೆ. 2006ರಲ್ಲಿ ಮೋಲರ್ ಮತ್ತು ಸಂಗಡಿಗರು ಗರಿಯಲ್ಲಿರುವ ಸ್ಥಿರ ಐಸೊಟೋಪುಗಳನ್ನು ಅಳೆದರು. ಹಕ್ಕಿ ಯಾವ ಸೀಮೆಯಲ್ಲಿ ಉಂಡು ಗರಿ ಬೆಳೆಸಿತೋ ಆ ಸೀಮೆಯ ಗುರುತು ಗರಿಯಲ್ಲಿ ಉಳಿಯುತ್ತದೆ, ನಮ್ಮ ಮಾತಿನಲ್ಲಿ ರಾಯಚೂರು ಉಳಿದ ಹಾಗೆ. ಅಳೆದು ನೋಡಿದರೆ, ಚೆರ್ನೋಬಿಲ್‌ನ ಈಗಿನ ಹಕ್ಕಿಗಳ ಗರಿಯಲ್ಲಿ ಆ ಗುರುತುಗಳು ಅಪಘಾತಕ್ಕೆ ಮುಂಚಿನ ಹಕ್ಕಿಗಳ ಗರಿಯಲ್ಲಿದ್ದುದಕ್ಕಿಂತ ಹೆಚ್ಚು ಬಗೆಬಗೆಯಾಗಿದ್ದವು. ಅಂದರೆ ಹಲವು ಕಡೆಯಿಂದ ವಲಸೆ ಬಂದವು ಸೇರಿಕೊಂಡಿದ್ದವು. ಅಲ್ಲಿ ಹುಟ್ಟಿದವು ಸಾಲದಷ್ಟು ಉಳಿಯದೆ ಹೋದಾಗ ಹೊರಗಿನವು ಬಂದು ತೆರವಾದ ಗೂಡು ಹಿಡಿಯುತ್ತಿದ್ದವು. ನೋಡಿದವರಿಗೆ ಹಕ್ಕಿ ಇವೆ. ಆದರೆ ಆ ಜಾಗ ಹಕ್ಕಿಗಳನ್ನು ಬೆಳೆಸುವ ಜಾಗವಲ್ಲ, ನುಂಗುವ ಜಾಗ. ಕೈಗಾದ ಸುತ್ತ ಮೈಲುಗಟ್ಟಲೆ ಸಹ್ಯಾದ್ರಿಯ ಕಾಡಿದೆ. ಒಂದು ಪಕ್ಕದಲ್ಲಿ ಅಣಶಿ, ಆಚೆಗೆ ದಾಂಡೇಲಿ. ಅಂಥ ಕಡೆ ಒಂದು ಸಣ್ಣ ವಲಯದಲ್ಲಿ ಹಕ್ಕಿಗೆ ತೊಂದರೆಯಾದರೂ ಪಕ್ಕದ ಕಾಡು ಬಂದು ತುಂಬಿಬಿಡುತ್ತದೆ. ಆದಕಾರಣ ಎಣಿಕೆಯ ಸಾಕ್ಷ್ಯ ಅತ್ಯಂತ ದುರ್ಬಲವಾಗುವುದು ಕೈಗಾದಂಥ ಹಸಿರು ಜಾಗದಲ್ಲೇ. ನಮ್ಮ ಪ್ರವಾಸಿ ಮಿತ್ರರು ಬಲವಾದ ಸಾಕ್ಷಿ ಎಂದು ಹಿಡಿದದ್ದು ಇದನ್ನು!

ಎದುರು ಪಕ್ಷದ ಮಾತನ್ನೂ ಹೇಳದಿದ್ದರೆ ಅನ್ಯಾಯವಾದೀತು. ಮೋಲರ್ ಮತ್ತು ಮೂಸೊ ಅವರ ಕೆಲಸವನ್ನು ಎಲ್ಲರೂ ಒಪ್ಪಿಲ್ಲ. ಇಂಗ್ಲೆಂಡಿನ ಜಿಮ್ ಸ್ಮಿತ್ 2008ರಲ್ಲೇ ಆಕ್ಷೇಪ ಎತ್ತಿದರು. ಅಂಬರಗುಬ್ಬಿ ಮನುಷ್ಯನ ಕೊಟ್ಟಿಗೆಯಲ್ಲಿ ಗೂಡುಕಟ್ಟುವ, ದನದ ಸುತ್ತಲಿನ ನೊಣ ತಿನ್ನುವ ಹಕ್ಕಿ. ಜನ ಊರು ಬಿಟ್ಟರು, ದನ ಹೋದವು. ಹಕ್ಕಿ ಕ್ಷೀಣಿಸಿದ್ದಕ್ಕೆ ವಿಕಿರಣವೇ ಕಾರಣವೆಂದು ಹೇಗೆ ಹೇಳುತ್ತೀರಿ ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. 2015ರಲ್ಲಿ ಬೆಲಾರೂಸ್ ಕಡೆಯ ವಲಯದಲ್ಲಿ ಕಡವೆ ಜಾತಿಯ ಪ್ರಾಣಿಗಳು, ಕಾಡುಹಂದಿ ಇತ್ಯಾದಿ ಬೇರೆ ಅಭಯಾರಣ್ಯಗಳಷ್ಟೇ ಇವೆ, ತೋಳಗಳಂತೂ ಏಳು ಪಟ್ಟು ಹೆಚ್ಚಿವೆ ಎಂಬ ವರದಿ ಬಂತು. ಅದನ್ನು ಓದಿದವರು ಚೆರ್ನೋಬಿಲ್ ಈಗ ಸ್ವರ್ಗ ಎಂದು ಬರೆಯಲಾರಂಭಿಸಿದರು. ಮನುಷ್ಯ ಹೊರಟುಹೋದರೆ ತೋಳಕ್ಕೆ ಹಬ್ಬ ಎಂಬುದನ್ನು ಆ ವರದಿ ಚೆನ್ನಾಗಿ ತೋರಿಸುತ್ತದೆ. ಪ್ರತಿಯೊಂದು ತೋಳವೂ ಆರೋಗ್ಯವಾಗಿದೆ ಎಂದು ಅದು ಹೇಳುವುದಿಲ್ಲ. ಬರೆದವರೂ ಹಾಗೆ ಹೇಳಿಕೊಂಡಿಲ್ಲ.

ಇನ್ನೂ ಸ್ವಾರಸ್ಯವಾದದ್ದು 2014ರ ಅಧ್ಯಯನ. ಇಸ್ಮಾಯೆಲ್ ಗಾಲ್ವಾನ್ ಎಂಬ ಸ್ಪೇನಿನ ವಿಜ್ಞಾನಿ, ಮೋಲರ್ ಮತ್ತು ಮೂಸೊ ಅವರೂ ಜೊತೆಗಿದ್ದು, 16 ಜಾತಿಗಳ 152 ಹಕ್ಕಿಗಳ ರಕ್ತ ನೋಡಿದರು. ವಿಕಿರಣ ಹಾಯ್ದಾಗ ಜೀವಕೋಶದಲ್ಲಿ ಹುಟ್ಟುವ ಪುಂಡ ಅಣುಗಳನ್ನು ತಣಿಸುವ ಗ್ಲುಟಾಥಯೋನ್ ಎಂಬ ವಸ್ತು, ಹೆಚ್ಚು ವಿಕಿರಣ ಇರುವ ಕಡೆಯ ಹಕ್ಕಿಗಳಲ್ಲಿ ಹೆಚ್ಚಾಗಿತ್ತು, ಡಿ.ಎನ್.ಎ. ಹಾನಿ ಕಡಿಮೆಯಿತ್ತು. ಅಂದರೆ ಹಲವು ಜಾತಿಗಳು ಹೊಂದಿಕೊಳ್ಳುತ್ತಿದ್ದವು! ಹೊಂದಿಕೊಳ್ಳಲಾಗದೆ ಸೋತವು ಗರಿಯಲ್ಲಿ ಒಂದು ಬಗೆಯ ಕೆಂಪು-ಕಂದು ಬಣ್ಣವನ್ನು ಹೆಚ್ಚಾಗಿ ತಯಾರಿಸತಕ್ಕವು. ಆ ಬಣ್ಣ ಮಾಡುವುದಕ್ಕೂ ಇದೇ ವಸ್ತು ಖರ್ಚಾಗುವುದರಿಂದ ರಕ್ಷಣೆಗೆ ಉಳಿಯುವುದಿಲ್ಲ. ಕೆಂಪು ಕತ್ತಿನ ಅಂಬರಗುಬ್ಬಿ ಅಂಥದ್ದರಲ್ಲಿ ಒಂದು. ಫುಕುಶಿಮಾದಲ್ಲಿ 2011ರ ಅಪಘಾತದ ನಂತರ ಹಕ್ಕಿಗಳ ಸಂಖ್ಯೆ ವಿಕಿರಣ ಹೆಚ್ಚಿದಲ್ಲಿ ಇಳಿದದ್ದು ಕಂಡರೂ, ಅಂಬರಗುಬ್ಬಿಯ ಮರಿಗಳ ರಕ್ತದಲ್ಲಿ ಡಿ.ಎನ್.ಎ. ಹಾನಿ ಕಾಣಲಿಲ್ಲವೆಂದು 2015ರಲ್ಲಿ ವರದಿಯಾಯಿತು. ನೋಡಿ, ಕೆಟ್ಟ ಸುದ್ದಿಯೂ ರಕ್ತದಿಂದಲೇ ಬಂತು, ಒಳ್ಳೆಯ ಸುದ್ದಿಯೂ ರಕ್ತದಿಂದಲೇ ಬಂತು. ಹಕ್ಕಿ ಚೆನ್ನಾಗಿದೆ ಎಂದು ಹೇಳಬಯಸುವವರೂ ಅದರ ರಕ್ತ ನೋಡಬೇಕು.

ಇಷ್ಟನ್ನು ಓದಿ ಕೈಗಾ ಚೆರ್ನೋಬಿಲ್ ಆಗಿದೆ ಎಂದು ನಾನು ಹೇಳುತ್ತಿದ್ದೇನೆಂದು ಯಾರಾದರೂ ತಿಳಿದರೆ ಅವರು ನನ್ನನ್ನು ಸರಿಯಾಗಿ ಓದಲಿಲ್ಲ. ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಮೊದಲ ಎರಡು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಮೊದಲನೆಯ ಘಟಕ 2018ರ ಕೊನೆಯವರೆಗೆ 962 ದಿನ ಎಡೆಬಿಡದೆ ಓಡಿ ಆಗಿನ ವಿಶ್ವದಾಖಲೆ ಮಾಡಿತು. ಚೆರ್ನೋಬಿಲ್‌ನಂಥ ಸ್ಫೋಟ ಅಲ್ಲಿ ಆಗಿಲ್ಲ. ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲ್ಲಿಸೀವರ್ಟ್ ಎಂಬ ಮಿತಿಯ ಸಣ್ಣ ಭಾಗವಷ್ಟೇ ಸ್ಥಾವರದಿಂದ ತಲುಪುತ್ತದೆ ಎಂದು ಅಧಿಕೃತ ವರದಿಗಳು ಹೇಳುತ್ತವೆ. ಸುತ್ತಲಿನ ಮಣ್ಣು, ನೀರು, ಆಹಾರವನ್ನು ಅಳೆಯುವ ಪ್ರಯೋಗಶಾಲೆ ಅಲ್ಲಿದೆ. ಸ್ಥಾವರ ಶುರುವಾಗುವ ಮೊದಲೇ ಮಂಗಳೂರು ವಿಶ್ವವಿದ್ಯಾಲಯದ ನಮ್ಮ ಕನ್ನಡದ ವಿಜ್ಞಾನಿಗಳು ಅಲ್ಲಿನ ಸಹಜ ವಿಕಿರಣವನ್ನು ಅಳೆದಿಟ್ಟರು. ಊರಲ್ಲಿ ಕಾಗೆ ಸತ್ತರೆ ಕೈಗಾ, ಗುಬ್ಬಿ ಕಾಣದಿದ್ದರೆ ಕೈಗಾ ಎನ್ನುವವರೂ ನನ್ನ ದೃಷ್ಟಿಯಲ್ಲಿ ಪ್ರವಾಸಿ ಮಿತ್ರರ ಸೋದರರೇ. ಅವರು ಬಂದ ಹಕ್ಕಿಯನ್ನು ನೋಡಿ ತೀರ್ಪು ಕೊಟ್ಟರು, ಇವರು ಬಾರದ ಹಕ್ಕಿಯನ್ನು ನೋಡಿ ಕೊಡುತ್ತಾರೆ. ಶಿವರಾಮ ಕಾರಂತರು ಕೈಗಾವನ್ನು ವಿರೋಧಿಸಿ 1989ರಲ್ಲಿ ಲೋಕಸಭೆಗೇ ನಿಂತರು, ಸೋತರು. ಅವರ ವಿರೋಧವನ್ನು ಒಪ್ಪಬಹುದು, ಬಿಡಬಹುದು. ಆದರೆ ಆ ಇಳಿವಯಸ್ಸಿನಲ್ಲಿ ಅವರು ಪ್ರಶ್ನೆ ಕೇಳಲು ಊರೂರು ಅಲೆದರಲ್ಲ, ನಾವು ಕೂತಲ್ಲೇ ಉತ್ತರ ಹೇಳಿಬಿಡುತ್ತೇವೆ.

ಮನುಷ್ಯನಿಗೆ ಹಾಕಿದ ಮಿತಿಯನ್ನು ಪಾಲಿಸಿದರೆ ಉಳಿದ ಜೀವಿಗಳು ತಾವಾಗಿಯೇ ಸುರಕ್ಷಿತ ಎಂದು ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗವೂ ಬಹುಕಾಲ ಹೇಳಿಕೊಂಡು ಬಂದಿತ್ತು. ಅಂಥ ಹಿರಿಯ ಆಯೋಗವೇ ಆ ಮಾತಿಗೆ ಅಂಟಿಕೊಳ್ಳಲಿಲ್ಲ. 2008ರಲ್ಲಿ ಅದು ಹನ್ನೆರಡು ಮಾದರಿ ಜೀವಿಗಳನ್ನು ಆರಿಸಿ ಪ್ರತ್ಯೇಕವಾಗಿ ಲೆಕ್ಕ ಹಾಕುವ ಕ್ರಮ ತಂದಿತು. ಜಿಂಕೆ, ಇಲಿ, ಕಪ್ಪೆ, ಜೇನುನೊಣ, ಎರೆಹುಳು ಇವುಗಳ ಸಾಲಿನಲ್ಲಿ ಹಕ್ಕಿಗಳ ಪ್ರತಿನಿಧಿಯಾಗಿ ಬಾತುಕೋಳಿ ಕೂತಿದೆ. ದಿನಕ್ಕೆ 0.1ರಿಂದ 1 ಮಿಲ್ಲಿಗ್ರೇ ವಿಕಿರಣ ತಗುಲುವ ಮಟ್ಟ ಬಂದರೆ ಬಾತಿನ ಬಗ್ಗೆ ಯೋಚಿಸಬೇಕು ಎಂದು ಆಯೋಗ ಸೂಚಿಸಿದೆ. ಜಗತ್ತಿನ ದಫ್ತರದಲ್ಲಿ ಬಾತುಕೋಳಿಗೆ ಸ್ವಂತ ಕಡತ ತೆರೆದು ಇಷ್ಟು ವರ್ಷವಾಯಿತು.

ಬಾತಿನ ಮಾತು ಬಂದದ್ದರಿಂದ ನಮ್ಮ ಸ್ವಂತ ಸೀಮೆಗೆ ಬರುತ್ತೇನೆ. ಸುಲ್ತಾನ್ ಬಜಾರ್, ಕಾಚಿಗುಡದ ಸುತ್ತಲಿನ ಕನ್ನಡ ಮನೆಗಳಲ್ಲಿ ಎಷ್ಟೋ ಮನೆಗಳ ಬೇರು ಕಲಬುರ್ಗಿ, ಯಾದಗಿರಿ, ರಾಯಚೂರಿನ ಕಡೆ ಇದೆ. ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ನೆಲದಡಿ ಯುರೇನಿಯಂ ಇದೆ ಎಂದು ಪತ್ತೆ ಹಚ್ಚಿದವರು ಅಣು ಖನಿಜ ನಿರ್ದೇಶನಾಲಯದವರು, ಅವರ ಮುಖ್ಯ ಕಚೇರಿ ಇಲ್ಲೇ ಬೇಗಂಪೇಟೆಯಲ್ಲಿ. ಅಲ್ಲಿ ಗಣಿ ಮಾಡಬೇಕೆಂಬ ಯೋಜನೆ ಬಹಳ ವರ್ಷಗಳಿಂದ ಇದೆ, ಊರಿನವರ ವಿರೋಧವೂ ಅಷ್ಟೇ ವರ್ಷಗಳಿಂದ ಇದೆ. ಅದೇ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ ಬೋನಾಳ ಕೆರೆ. ಸುರಪುರದ ನಾಯಕರ ಕಾಲದ ಆ ಕೆರೆ ಇಂದು ಪಕ್ಷಿಧಾಮ. ಚಳಿಗಾಲದಲ್ಲಿ ದೂರದೂರದಿಂದ ನೀರುಹಕ್ಕಿಗಳು ಬಂದಿಳಿಯುತ್ತವೆ. ಕೆರೆಯಿಂದ ಗೋಗಿ ನಮಗೆ ಬಸ್ ಬದಲಿಸಿ ಹೋಗುವ ಹಾದಿ, ಬಾತಿಗೆ ಒಂದು ಬೆಳಗಿನ ಹಾರಾಟ.

ಯುರೇನಿಯಂ ಗಣಿಯಲ್ಲಿ ಹೊಗೆ ಚಿಮಣಿಗಿಂತ ಕೆಸರುಕೊಳವೇ ದೊಡ್ಡ ಪ್ರಶ್ನೆ. ಅದಿರನ್ನು ಅರೆದು ಯುರೇನಿಯಂ ತೆಗೆದುಕೊಂಡ ಮೇಲೆ ಉಳಿಯುವ ಕೆಸರಿನಲ್ಲಿ, ಅದಿರಿನ ವಿಕಿರಣಶೀಲತೆಯ ಸುಮಾರು ಶೇ. 85 ಹಾಗೇ ಉಳಿಯುತ್ತದೆ. ರೇಡಿಯಂ ಅದರಲ್ಲಿರುತ್ತದೆ; ಅದರ ಅರ್ಧಾಯುಷ್ಯ 1,600 ವರ್ಷ, ಅದೂ ಕ್ಯಾಲ್ಸಿಯಂನ ದಾಯಾದಿ, ಮೂಳೆ ಮತ್ತು ಚಿಪ್ಪಿಗೆ ಹೋಗತಕ್ಕದ್ದು. ಇದನ್ನು ಕಟ್ಟೆ ಕಟ್ಟಿ ನಿಲ್ಲಿಸುತ್ತಾರೆ. ನಮಗೆ ಬೇಲಿ ಇದೆ, ಮೂರು ಭಾಷೆಯಲ್ಲಿ ಎಚ್ಚರಿಕೆಯ ಫಲಕ ಇರುತ್ತದೆ. ಮೇಲಿನಿಂದ ಬರುವ ಹಕ್ಕಿಗೆ ಅದು ಬಿಸಿಲಲ್ಲಿ ಹೊಳೆಯುವ ಕೆರೆ. ಹಕ್ಕಿಗೆ ಕೆರೆ ಯಾವುದು, ಗಣಿಗುಂಡಿ ಯಾವುದು ತಿಳಿಯುವುದಿಲ್ಲ ಎಂಬುದಕ್ಕೆ ಸಾಕ್ಷಿ ಅಮೆರಿಕದ ಮೊಂಟಾನಾದಲ್ಲಿದೆ. ಅಲ್ಲಿನ ಹಳೆಯ ತಾಮ್ರದ ಗಣಿಗುಂಡಿಯೊಂದರಲ್ಲಿ ನಿಂತ ನೀರಿಗಿಳಿದ 342 ಬಿಳಿ ಹೆಬ್ಬಾತುಗಳು 1995ರಲ್ಲಿ ಸತ್ತವು. 2016ರಲ್ಲಿ ಮತ್ತೆ ಸಾವಿರಾರು ಸತ್ತವು. ಅದು ಆಮ್ಲ ಮತ್ತು ಲೋಹದ ವಿಷ, ವಿಕಿರಣದ್ದಲ್ಲ. ಹೆಣ ತೇಲಿದ್ದರಿಂದ ಎಲ್ಲರಿಗೂ ಕಂಡಿತು. ರೇಡಿಯಂ ಹಾಗೆ ಅವಸರದಲ್ಲಿ ಕೊಲ್ಲುವುದಿಲ್ಲ. ಹಕ್ಕಿ ನೀರು ಕುಡಿದು, ಹುಳ ತಿಂದು, ಎದ್ದು ಬೋನಾಳಕ್ಕೆ ಹೋಗಿ ಕೂಡುತ್ತದೆ, ಅಲ್ಲಿ ಎಣಿಸುವವರ ಪಟ್ಟಿಗೆ ಸೇರುತ್ತದೆ.

ಇಲ್ಲಿಗೆ ಬಂದಾಗ ಯಾರಾದರೊಬ್ಬರು ಎದ್ದುನಿಂತು ಹೇಳುವುದು ಖಂಡಿತ: ಮನುಷ್ಯರಿಗೇ ಔಷಧವಿಲ್ಲದ ದೇಶದಲ್ಲಿ ಹಕ್ಕಿಯ ರಕ್ತಪರೀಕ್ಷೆಯೆ? ಹೈದರಾಬಾದಿನಲ್ಲಿ ನಿಂತು ಈ ಮಾತು ಆಡಬಾರದು. ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಜೀವಿಯನ್ನು ಕಂಡದ್ದು ನಮ್ಮ ಸಿಕಂದರಾಬಾದಿನಲ್ಲಿ. ಆದರೆ ಅದು ಸೊಳ್ಳೆಯಿಂದ ಇನ್ನೊಂದು ದೇಹಕ್ಕೆ ದಾಟುವುದನ್ನು ಅವರು ಪೂರ್ತಿ ತೋರಿಸಿಕೊಟ್ಟದ್ದು ಮರುವರ್ಷ ಕಲಕತ್ತೆಯಲ್ಲಿ, ಹಕ್ಕಿಗಳ ಮೇಲೆ. ಗುಬ್ಬಿಯ ರಕ್ತ ನೋಡಿ ಮನುಷ್ಯನ ಜ್ವರದ ದಾರಿ ಹಿಡಿದರು. ಇನ್ನೂ ಹತ್ತಿರದ ಉದಾಹರಣೆ ರಣಹದ್ದಿನದು. 1990ರ ದಶಕದಲ್ಲಿ ಲಕ್ಷಗಟ್ಟಲೆ ಇದ್ದವು ಹತ್ತಿಪ್ಪತ್ತು ವರ್ಷದಲ್ಲಿ ನೂರಕ್ಕೆ ಒಂದೂ ಉಳಿಯಲಿಲ್ಲ. ಎಣಿಸಿದವರು ಕಡಿಮೆಯಾಗುತ್ತಿವೆ ಎಂದು ಹೇಳಿದರು. ಏಕೆ ಎಂದು ಎಣಿಕೆ ಹೇಳಲಿಲ್ಲ. ಸತ್ತ ಹಕ್ಕಿಯನ್ನು ಕೊಯ್ದು ಮೂತ್ರಪಿಂಡ ನೋಡಿದಾಗ, 2004ರಲ್ಲಿ, ದನಗಳಿಗೆ ಕೊಡುವ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಎಂದು ತಿಳಿಯಿತು. 2006ರಲ್ಲಿ ದನಗಳಿಗೆ ಅದನ್ನು ಕೊಡುವುದನ್ನು ಭಾರತ ನಿಷೇಧಿಸಿತು. ಅಷ್ಟರಲ್ಲಿ ಹಕ್ಕಿ ಮುಗಿದಿದ್ದವು. ಸಂಖ್ಯೆ ಇಳಿದು ಕಣ್ಣಿಗೆ ಕಾಣುವ ಹೊತ್ತಿಗೆ ಯಾವಾಗಲೂ ತಡವಾಗಿರುತ್ತದೆ.

ಹಾಗಾದರೆ ಬೇಕಾದದ್ದು ಏನು? ದೊಡ್ಡ ಖರ್ಚಿನ ಬಾಬತ್ತೇನೂ ಅಲ್ಲ. ನಮ್ಮ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರವಿರುವುದಿಲ್ಲ, ಹಕ್ಕಿಯದರಲ್ಲಿ ಇರುತ್ತದೆ. ಪ್ರಾಣಿಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಯಲ್ಲಿ ಗಾಜಿನ ಪಟ್ಟಿಯ ಮೇಲೆ ಪಾರಿವಾಳದ ರಕ್ತ ಗುರುತಿಸಲು ನಾವೆಲ್ಲ ಉಪಯೋಗಿಸಿದ ಉಪಾಯ ಅದೇ. ಈ ಗುಣದಿಂದಾಗಿ ಹಕ್ಕಿಯ ಒಂದೇ ಹನಿ ರಕ್ತದಲ್ಲಿ ಡಿ.ಎನ್.ಎ. ಹಾನಿ ನೋಡಬಹುದು. ತೆಳು ಬಲೆಯಲ್ಲಿ ಹಿಡಿದು, ತೂಗಿ, ಕಣ್ಣು ನೋಡಿ, ಒಂದು ಹನಿ ರಕ್ತ, ಒಂದು ಗರಿ ತೆಗೆದುಕೊಂಡು, ಕಾಲಿಗೆ ಉಂಗುರ ತೊಡಿಸಿ ಬಿಟ್ಟುಬಿಡುವುದು. ಮರುವರ್ಷ ಅದೇ ಉಂಗುರ ಮರಳಿತೆ ಎಂದು ನೋಡುವುದು. ಒಡೆಯದೆ ಉಳಿದ ಮೊಟ್ಟೆಗಳ ಚಿಪ್ಪನ್ನು ಅಳೆಯುವುದು. ಕೈಗಾದ ಹತ್ತಿರ ಒಂದು ಕಡೆ, ಅದೇ ಬಗೆಯ ಕಾಡಿರುವ ದೂರದ ಕಣಿವೆಯಲ್ಲಿ ಇನ್ನೊಂದು ಕಡೆ, ಎರಡನ್ನೂ ಒಂದೇ ಕೈ ಪರೀಕ್ಷಿಸಬೇಕು. ಆ ಕೈ ಸ್ಥಾವರದ ಸಂಬಳದ್ದಾಗಿರಬಾರದು. 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅನುಮತಿ ಬೇಕು, ಅದನ್ನು ಕೊಡುವ ಅಧಿಕಾರಿಗಳಿದ್ದಾರೆ. ಪ್ರಯೋಗಶಾಲೆ ಎಲ್ಲಿ ಎಂದರೆ, ನಮ್ಮ ಅತ್ತಾಪುರದಲ್ಲೇ ಸಿ.ಸಿ.ಎಂ.ಬಿ.ಯವರ ಲಾಕೋನ್ಸ್ ಎಂಬ ವನ್ಯಜೀವಿ ಪ್ರಯೋಗಶಾಲೆ ಇದೆ. ಇಂಧನ ಹೋಗುವ ಊರಿನಿಂದಲೇ ಪರೀಕ್ಷೆಯೂ ಹೋಗಲಿ.

ಕೈಗಾದಲ್ಲಿ 700 ಮೆಗಾವಾಟಿನ ಇನ್ನೆರಡು ಘಟಕಗಳು ಬರಲಿವೆ. ಅವು ಶುರುವಾಗುವ ಮೊದಲೇ ಈ ಪರೀಕ್ಷೆ ಆಗಬೇಕು, ಗೋಗಿಯಲ್ಲಿ ಮೊದಲ ಬಂಡಿ ಅದಿರು ಏಳುವ ಮೊದಲೇ ಬೋನಾಳದಲ್ಲೂ ಆಗಬೇಕು. ಆಮೇಲೆ ಮಾಡಿದರೆ, ಮೊದಲು ಹೇಗಿತ್ತು ಎಂದು ಹೇಳುವವರು ಯಾರೂ ಇರುವುದಿಲ್ಲ. ಎರಡೂ ಪಕ್ಷದವರು ಕೂಗಾಡಿಕೊಂಡಿರಬಹುದು. ಸಾಲಿಂ ಅಲಿಯವರು 1931–32ರಲ್ಲಿ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸರ್ವೇಕ್ಷಣೆ ಮಾಡಿದಾಗ ನಮ್ಮ ಕಲಬುರ್ಗಿ, ರಾಯಚೂರು ಜಿಲ್ಲೆಗಳು ಈ ಸಂಸ್ಥಾನದಲ್ಲೇ ಇದ್ದವು. ಅವರು ಬರೆದಿಟ್ಟದ್ದರಿಂದ ಇವತ್ತು ಆಗ ಯಾವ ಹಕ್ಕಿ ಇತ್ತು, ಯಾವುದು ಹೋಯಿತು ಎಂದು ನಾವು ಮಾತಾಡಬಹುದಾಗಿದೆ. ಆಗ ಹಾಜರಿ ತೆಗೆದುಕೊಳ್ಳುವುದೇ ದೊಡ್ಡ ಕೆಲಸವಾಗಿತ್ತು. ತೊಂಬತ್ತು ವರ್ಷ ಕಳೆದ ಮೇಲೂ ನಾವು ಹಾಜರಿಗೇ ತೃಪ್ತರಾಗುವುದು ಅವರ ಶ್ರಮಕ್ಕೆ ಮಾಡುವ ಗೌರವವಲ್ಲ.

2005ರ ಮಾಹಿತಿ ಹಕ್ಕು ಕಾಯಿದೆಯಡಿ ಮೂರು ಪ್ರಶ್ನೆಗಳ ಒಂದು ಅರ್ಜಿಯ ಕರಡನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿದ್ಧಪಡಿಸಿದ್ದೇನೆ: ಕೈಗಾದ ಸುತ್ತ ಹಕ್ಕಿಗಳ ರಕ್ತ, ಗರಿ, ಮೊಟ್ಟೆಗಳ ಪರೀಕ್ಷೆ ಯಾವ ವರ್ಷ ನಡೆದಿದೆ, ಯಾರು ನಡೆಸಿದರು, ವರದಿ ಎಲ್ಲಿ ಸಿಗುತ್ತದೆ. ಕರಡಿನ ಪ್ರತಿ ಸಂಘದ ಕಾರ್ಯದರ್ಶಿಗಳ ಬಳಿ ಇದೆ. ಅರ್ಜಿ ಶುಲ್ಕ ಹತ್ತು ರೂಪಾಯಿ. ಸಹಿ ಹಾಕಲು ಇಚ್ಛೆಯುಳ್ಳವರು ವಾಚನಾಲಯ ತೆರೆದಿರುವ ಸಮಯದಲ್ಲಿ ಬರಬಹುದು, ನಮ್ಮ ಪ್ರವಾಸಿ ಮಿತ್ರರಿಗಾಗಿ ಮೊದಲ ಸಾಲನ್ನು ಖಾಲಿ ಬಿಟ್ಟಿದ್ದೇನೆ.